ಸ್ತನ ಚಿಕ್ಕದು ಮಾಡಿಸುವ ಆಪರೇಷನ್: ಬೇಕೋ ಬೇಡವೋ ತೀರ್ಮಾನಿಸುವುದು ಹೇಗೆ

ಮೊನ್ನೆಯೂ ಒಬ್ಬರು ಬಂದಿದ್ದರು, ಆಳಂದದ ಕಡೆಯವರು. ಹೈದರಾಬಾದಿಗೆ ಹೋಗಿ, ಪ್ಲಾಸ್ಟಿಕ್ ಸರ್ಜನ್‌ಗೆ ಫೀಸು ಕೊಟ್ಟು, ಐದು ನಿಮಿಷದಲ್ಲಿ ಹೊರಗೆ ಬಂದು, ರಾತ್ರಿ ರೈಲಿಗೆ ವಾಪಸ್ ಬಂದವರು. ಏನಂದರು ಎಂದು ಕೇಳಿದೆ. "ಮಾಡಬೌದು ಅಂದ್ರು. ಮಾಡಿಸ್ಕೋಬೇಕೋ ಬ್ಯಾಡೋ ನೀವೇ ಹೇಳ್ರಿ ಅಂದ್ರು. ನನಗೇನ್ ಗೊತ್ತಾಗ್ತದ್ರಿ?" ಎಂದರು.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕುತ್ತಿಗೆ ನೋವು, ಭುಜದ ನೋವು ಎಂದು ಬರುವ ಹೆಂಗಸರಲ್ಲಿ ಕೆಲವರಿಗೆ ನೋವಿನ ಮೂಲ ಸ್ತನದ ಭಾರ. ಅವರೆಲ್ಲ ಎಡವುವುದು ಒಂದೇ ಕಡೆ, ಕ್ರಮದಲ್ಲಿ. ಮೊದಲು ಸರ್ಜನ್ ಹುಡುಕುತ್ತಾರೆ, ಆಮೇಲೆ ದುಡ್ಡು, ಆಮೇಲೆ ಮನೆಯವರ ಒಪ್ಪಿಗೆ. ನೋವು ನಿಜವಾಗಿ ಆ ಭಾರದಿಂದಲೇ ಬರುತ್ತಿದೆಯಾ ಎನ್ನುವ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇಲ್ಲಿ ಆ ಸಾಲನ್ನು ತಿರುಗಿಸಿ ಇಟ್ಟಿದ್ದೇನೆ. ಸರ್ಜನ್ ಬರುವುದು ಆರನೇ ಹಂತದಲ್ಲಿ. ಪೂರ್ತಿ ಮಾಡಲು ಮೂರು ತಿಂಗಳಾದರೂ ಬೇಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ನೋಟ್‌ಬುಕ್, ಟೈಲರ್ ಹತ್ತಿರ ಇರುವಂಥ ಇಂಚು ಟೇಪು, ಲಾಕ್ ಇರುವ ಮೊಬೈಲ್, ಹಳೆಯ ರಿಪೋರ್ಟ್‌ಗಳ ಫೈಲು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಯಾವುದಾದರೂ ಒಂದೇ ಕಡೆ ಹೋಗಿ ತೂಗಿಕೊಳ್ಳಿ, ಸಲಕ್ಕೊಂದು ಯಂತ್ರ ಬೇಡ.

## ಹಂತ 1: ಗಂಟು, ಸ್ರಾವ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ

ಇದು ಮೊದಲ ವಾರದ ಕೆಲಸ. ಕೆಳಗಿನದರಲ್ಲಿ ಒಂದು ಕಂಡರೂ ಉಳಿದ ಹಂತಗಳನ್ನು ಪಕ್ಕಕ್ಕಿಡಿ.

- ಸ್ತನದಲ್ಲಿ ಅಥವಾ ಕಂಕುಳಲ್ಲಿ ಕೈಗೆ ಸಿಗುವ ಗಂಟು
- ಮೊಲೆತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು
- ಮೊದಲು ಸರಿ ಇದ್ದ ತೊಟ್ಟು ಈಗ ಒಳಗೆ ಎಳೆದುಕೊಂಡಿರುವುದು
- ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿಯಾದ ಚರ್ಮ
- ಒಂದೇ ಕಡೆ ಸ್ತನ ಕೆಲವು ವಾರಗಳಲ್ಲಿ ದಪ್ಪ ಆಗಿರುವುದು

ಇವಕ್ಕೆ ಪ್ಲಾಸ್ಟಿಕ್ ಸರ್ಜನ್ ಬೇಕಿಲ್ಲ, ಜನರಲ್ ಸರ್ಜರಿ ವಿಭಾಗ ಸಾಕು. ಕಲಬುರಗಿಯಲ್ಲಿ ಜಿಮ್ಸ್ (ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆ ಇವೆ. ಜಿಮ್ಸ್ ಥರದ್ದೇ ಸರಕಾರಿ ಆಸ್ಪತ್ರೆ ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ. ತೋರಿಸಿ ಬನ್ನಿ. ವಯಸ್ಸು 40 ದಾಟಿದ್ದರೆ ಆಪರೇಷನ್‌ಗೆ ಮುಂಚೆ ಹೇಗೂ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಕೇಳುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸಾಕಾಗುತ್ತದೆ.

## ಹಂತ 2: ಹದಿನೈದು ದಿನ ನೋವಿನ ಲೆಕ್ಕ ಬರೆಯಿರಿ

ಜನ ಹಾರಿಸಿ ಬಿಡುವುದು ಇದನ್ನೇ. "ನೋವು ಅದ, ಬರೆಯೋದೇನದ?" ಎನ್ನುತ್ತಾರೆ. ಬರೆಯದಿದ್ದರೆ ಸರ್ಜನ್ ಮುಂದೆ ಕುಳಿತಾಗ ಬಾಯಿಗೆ ಬರುವುದು "ಭಾಳ ನೋಯ್ತದ್ರಿ" ಎಂಬ ಒಂದು ಮಾತು. ಅಷ್ಟರಿಂದ ಅವರಿಗೂ ಏನೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ದಿನಕ್ಕೆ ಮೂರು ಸಲ, ಎದ್ದ ಕೂಡಲೇ, ಮಧ್ಯಾಹ್ನ, ಮಲಗುವ ಮುಂಚೆ, ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಪಕ್ಕದಲ್ಲಿ ಆಗ ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ. ರೊಟ್ಟಿ ಬಡಿಯುವ ದಿನ ಇದಕ್ಕೆ ಒಳ್ಳೆಯ ಪರೀಕ್ಷೆ. ಇಪ್ಪತ್ತು ರೊಟ್ಟಿ ಬಡಿಯುವಷ್ಟು ಹೊತ್ತು ತಲೆ ಬಗ್ಗಿರುತ್ತದೆ, ಭುಜ ಮುಂದಕ್ಕೆ ಬಂದಿರುತ್ತದೆ, ಸ್ತನದ ಭಾರವೆಲ್ಲ ಕುತ್ತಿಗೆಯಿಂದ ಜೋತಾಡುತ್ತದೆ. ಮೊದಲನೇ ರೊಟ್ಟಿಗೆ ನೋವು ಎಷ್ಟಿತ್ತು, ಕೊನೆಯದಕ್ಕೆ ಎಷ್ಟಾಯಿತು, ಮಲಗಿದ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು, ಬರೆದಿಡಿ.

ಭಾರದಿಂದ ಬರುವ ನೋವಿಗೆ ಒಂದು ಚಾಳಿ ಇದೆ. ಬೆಳಿಗ್ಗೆ ಕಡಿಮೆ ಇರುತ್ತದೆ, ಸಂಜೆಗೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗಲೇ ನೋವು ಜಾಸ್ತಿ ಇದ್ದು, ಓಡಾಡಿದ ಮೇಲೆ ಕಡಿಮೆ ಆಗುತ್ತಿದ್ದರೆ ಬೇರೆ ಕಾರಣ ಇರಬಹುದು.

ಭುಜದ ಮೇಲೆ ಬ್ರಾ ಪಟ್ಟಿ ಒತ್ತಿ ಬಿದ್ದ ಗುಂಡಿ, ಸ್ತನದ ಕೆಳಗಿನ ಮಡಿಕೆಯಲ್ಲಿ ಬರುವ ಕೆಂಪು, ತುರಿ, ಇವುಗಳ ಫೋಟೋ ದಿನಾಂಕದ ಸಮೇತ ಇರಲಿ. ನಮ್ಮಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಮಡಿಕೆ ಇಡೀ ದಿನ ಒದ್ದೆಯಾಗಿಯೇ ಇದ್ದು ಫಂಗಸ್ ಹಿಡಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ತುರಿಕೆ ಕ್ರೀಮು ಹಚ್ಚಬೇಡಿ. ಅಂಥ ಕ್ರೀಮುಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಆರಾಮ ಎನ್ನಿಸಿ ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಫಂಗಸ್ ಇನ್ನೂ ಮೊಂಡಾಗುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ. ಮುಂದೆ ಇನ್ಶೂರೆನ್ಸ್ ಕೇಳುವಾಗ ಆ ಚೀಟಿಯೇ ಸಾಕ್ಷಿ.

## ಹಂತ 3: ಬ್ರಾ ಅಳತೆ ಸರಿಪಡಿಸಿ, ಒಂದು ತಿಂಗಳು ನೋಡಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಟೀಚರಿಗೆ ಆರು ತಿಂಗಳು ಕುತ್ತಿಗೆಗೆ ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ. ಅವರು ಬಂದಾಗಲೆಲ್ಲ ಸೆರಗು ಹೊದ್ದೇ ಕೂರುತ್ತಿದ್ದರು, ನಾನೂ ಸಂಕೋಚಪಟ್ಟು ಸುಮ್ಮನಿದ್ದೆ. ಒಂದು ದಿನ ಭುಜ ನೋಡಿದರೆ ಎರಡೂ ಕಡೆ ಕಿರುಬೆರಳು ಕೂರುವಷ್ಟು ಆಳದ ಗುಂಡಿ, ಅದರ ತಳದಲ್ಲಿ ಕಪ್ಪಗಾದ ಚರ್ಮ. ಆರು ತಿಂಗಳು ನಾನು ತಪ್ಪು ಜಾಗಕ್ಕೆ ಶಾಖ ಕೊಟ್ಟಿದ್ದೆ.

ಅಂಗಡಿಯಲ್ಲಿ "ಎಷ್ಟು ಸೈಜ್?" ಎಂದರೆ ನಾವು ಹೇಳುವುದು ಜಂಪರಿನ ಅಳತೆ. ಅದು ಸ್ತನದ ಮೇಲಿನ ಸುತ್ತಳತೆ. ಬ್ರಾಗೆ ಎರಡು ಅಳತೆ ಬೇಕು. ಸ್ತನದ ಕೆಳಗೆ, ಪಕ್ಕೆಲುಬಿನ ಮೇಲೆ ಟೇಪು ಬಿಗಿಯಾಗಿ ಹಿಡಿದು ಒಂದು. ಸ್ವಲ್ಪ ಮುಂದಕ್ಕೆ ಬಾಗಿ, ತುಂಬಿದ ಜಾಗದಲ್ಲಿ ಸಡಿಲವಾಗಿ ಹಿಡಿದು ಇನ್ನೊಂದು. ಕೆಳಗಿನದು ಪಟ್ಟಿಯ ಅಳತೆ. ಎರಡರ ನಡುವಿನ ವ್ಯತ್ಯಾಸ ಕಪ್ಪಿನ ಅಳತೆ. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಕೆಳಗೆ 34, ಮೇಲೆ 40 ಇಂಚು ಇರುವವರಿಗೆ ಬೇಕಾದದ್ದು 34ರ ಪಟ್ಟಿ, ಡಿ ದಾಟಿದ ಕಪ್. ಕೈಗೆ ಸಿಗುವುದು 40 ಬಿ. ಪಟ್ಟಿ ಸಡಿಲ, ಕಪ್ ಚಿಕ್ಕದು. ಭಾರ ಹೊರಬೇಕಾದದ್ದು ಬೆನ್ನಿನ ಪಟ್ಟಿ, ಹೊರುತ್ತಿರುವುದು ಭುಜ. ಬೆನ್ನಿನ ಪಟ್ಟಿ ಮೇಲಕ್ಕೆ ಏರಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಹೊಸದನ್ನು ಕೊನೆಯ ಕೊಂಡಿಗೆ, ಅಂದರೆ ಅತಿ ಸಡಿಲದ್ದಕ್ಕೆ, ಹಾಕಿದಾಗಲೇ ಬಿಗಿ ಇರಬೇಕು, ಎರಡು ಬೆರಳು ಮಾತ್ರ ಒಳಗೆ ಹೋಗಬೇಕು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಲ್ಲಿ ದೊಡ್ಡ ಕಪ್ ಸಿಗುವುದು ಕಷ್ಟ. ಆನ್‌ಲೈನಿನಲ್ಲಿ ವಾಪಸ್ ಕೊಡುವ ಅವಕಾಶ ಇರುವ ಕಡೆ, ಅಗಲ ಪಟ್ಟಿಯದ್ದು ಎರಡು ತರಿಸಿ.

ಒಂದು ತಿಂಗಳು ಹಾಕಿ, ನೋವಿನ ಅಂಕ ಬರೆಯುತ್ತಾ ಹೋಗಿ. ಏಳು ಇದ್ದದ್ದು ಮೂರಕ್ಕೆ ಇಳಿದರೆ ಆಪರೇಷನ್ ಬೇಕಿಲ್ಲದೆಯೂ ಹೋಗಬಹುದು. ಏಳರಿಂದ ಆರಕ್ಕೆ ಬಂದು ನಿಂತರೆ ಮುಂದೆ ಹೋಗಿ.

## ಹಂತ 4: ಬೇರೆ ಕಾರಣ ಇಲ್ಲವೆಂದು ನೋಡಿಕೊಳ್ಳಿ

ಬ್ರಾ ಪರೀಕ್ಷೆ ನಡೆಯುವ ತಿಂಗಳಲ್ಲೇ ಇದನ್ನೂ ಮಾಡಬಹುದು. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ, ಬಿ12 ನೋಡಿಸಿ. ಮಾಂಸ, ಮೊಟ್ಟೆ ತಿನ್ನದ ಮನೆಯವರಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ, ಅದರಿಂದಲೂ ಕೈ ಜುಮ್ಮೆನ್ನುತ್ತದೆ. ಸ್ತನದ ಭಾರಕ್ಕೆ ಭುಜ ಮುಂದೆ ಬಂದು ನರ ಒತ್ತಿದರೂ ಕಿರುಬೆರಳು ಜುಮ್ಮೆನ್ನುತ್ತದೆ. ಎರಡರಲ್ಲಿ ಯಾವುದು ಎಂದು ಗೊತ್ತಾಗದೆ ಆಪರೇಷನ್ ಮಾಡಿಸಿದರೆ, ಜುಮ್ಮು ಹಾಗೇ ಉಳಿದಾಗ ಸರ್ಜನ್‌ಗೆ ಬೈಯುತ್ತೀರಿ.

ಕುತ್ತಿಗೆ, ಬೆನ್ನಿನ ವ್ಯಾಯಾಮ ಆರು ವಾರ ಮಾಡಿ. ಇದರಿಂದ ಸ್ತನ ಚಿಕ್ಕದಾಗುವುದಿಲ್ಲ. ಕ್ರೀಮು, ಮಾತ್ರೆ, ಮಸಾಜಿನಿಂದಲೂ ಆಗುವುದಿಲ್ಲ, ಆ ಜಾಹೀರಾತುಗಳಿಗೆ ದುಡ್ಡು ಹಾಕಬೇಡಿ. ವ್ಯಾಯಾಮ ಯಾಕೆಂದರೆ, ನೋವಿನಲ್ಲಿ ಎಷ್ಟು ಪಾಲು ಸ್ನಾಯುವಿನದು ಎಂದು ತಿಳಿಯುತ್ತದೆ.

ತೂಕದ ಮಾತು. "ಮೊದ್ಲು ಸಣ್ಣ ಆಗ್ರಿ" ಎಂದು ಹತ್ತು ವರ್ಷದಿಂದ ಕೇಳಿ ಕೇಳಿ ಬೇಸತ್ತವರು ನನ್ನ ಬಳಿ ಬರುತ್ತಾರೆ. ಸ್ತನದಲ್ಲಿ ಕೊಬ್ಬಿನ ಪಾಲು ಜಾಸ್ತಿ ಇರುವವರಿಗೆ ತೂಕ ಇಳಿದರೆ ಅದೂ ಇಳಿಯುತ್ತದೆ, ಹಾಲಿನ ಗ್ರಂಥಿ ಜಾಸ್ತಿ ಇರುವವರಿಗೆ ಅಷ್ಟಾಗಿ ಇಳಿಯುವುದಿಲ್ಲ. ಆದರೂ ಆಪರೇಷನ್‌ಗೆ ಮುಂಚೆ ಆರು ತಿಂಗಳಾದರೂ ತೂಕ ಒಂದೇ ಕಡೆ ನಿಂತಿರಬೇಕು. ದಪ್ಪ ಹೆಚ್ಚಿದ್ದರೆ ಗಾಯ ಮಾಯುವುದು ನಿಧಾನ, ಅರಿವಳಿಕೆಯ ಅಪಾಯವೂ ಹೆಚ್ಚು. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) 35ರ ಮೇಲಿದ್ದರೆ ಎಷ್ಟೋ ಸರ್ಜನ್‌ಗಳು ಮೊದಲು ಇಳಿಸಿ ಬನ್ನಿ ಎನ್ನುತ್ತಾರೆ.

## ಹಂತ 5: ಏನು ಬಿಟ್ಟುಕೊಡುತ್ತೀರಿ ಎಂದು ಕನ್ನಡಿ ಮುಂದೆ ನೋಡಿ

ಭಾರ ಇಳಿಯುವುದು ಎಲ್ಲರಿಗೂ ಗೊತ್ತು. ಅದಕ್ಕೆ ಬದಲಾಗಿ ಏನು ಹೋಗುತ್ತದೆ ಎನ್ನುವುದನ್ನು ಸರ್ಜನ್ ಕೋಣೆಯ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಯೋಚಿಸುವುದು ವಾಸಿ.

ಗಾಯದ ಗುರುತು. ಸಾಮಾನ್ಯವಾಗಿ ಮೂರು ಗೆರೆ. ತೊಟ್ಟಿನ ಕಪ್ಪು ವೃತ್ತದ ಸುತ್ತ ಒಂದು, ಅಲ್ಲಿಂದ ನೇರ ಕೆಳಗೆ ಒಂದು, ಕೆಳಗಿನ ಮಡಿಕೆಯ ಉದ್ದಕ್ಕೆ ಒಂದು. ಸಣ್ಣ ಪ್ರಮಾಣದ್ದಾದರೆ ಮಡಿಕೆಯ ಗೆರೆ ಬೇಕಾಗದೆ ಹೋಗಬಹುದು. ಗೆರೆ ಮಾಸುತ್ತದೆ, ಅಳಿಯುವುದಿಲ್ಲ. ಮಾಸಲು ಒಂದರಿಂದ ಒಂದೂವರೆ ವರ್ಷ ಬೇಕು. ಕಪ್ಪು, ಗೋಧಿ ಬಣ್ಣದವರಲ್ಲಿ ಗಾಯ ಉಬ್ಬಿ ಕೀಲಾಯ್ಡ್ ಆಗುವ ಸಾಧ್ಯತೆ ಜಾಸ್ತಿ. ನಿಮ್ಮದು ಹೇಗೆ ಎಂದು ತಿಳಿಯಬೇಕೆ? ಮೂಗು, ಕಿವಿ ಚುಚ್ಚಿಸಿದ ಜಾಗ ಮುಟ್ಟಿ ನೋಡಿ. ಸಿಸೇರಿಯನ್ ಆಗಿದ್ದರೆ ಆ ಗೆರೆ ನೋಡಿ. ಉಬ್ಬಿ ಗಟ್ಟಿಯಾಗಿದ್ದರೆ ಮರೆಯದೆ ಸರ್ಜನ್‌ಗೆ ತೋರಿಸಿ.

ಎದೆಹಾಲು. ಮುಂದೆ ಮಗುವಿಗೆ ಮೊಲೆಯೂಡಿಸಲು ಆಗಬಹುದು, ಅರ್ಧ ಆಗಬಹುದು, ಆಗದೆಯೂ ಹೋಗಬಹುದು. ತೊಟ್ಟನ್ನು ಕೆಳಗಿನ ಅಂಗಾಂಶಕ್ಕೆ ಅಂಟಿಸಿಕೊಂಡೇ ಮೇಲಕ್ಕೆ ಸರಿಸಿದರೆ ಸಾಧ್ಯತೆ ಉಳಿಯುತ್ತದೆ. ಅತಿ ದೊಡ್ಡ ಸ್ತನಗಳಲ್ಲಿ ಕೆಲವೊಮ್ಮೆ ತೊಟ್ಟನ್ನು ಪೂರ್ತಿ ಬಿಡಿಸಿ ಮತ್ತೆ ಕೂರಿಸುತ್ತಾರೆ. ಆಗ ಹಾಲು ಬರುವುದಿಲ್ಲ, ಸ್ಪರ್ಶವೂ ಬಹುತೇಕ ಹೋಗುತ್ತದೆ. ಒಂದೆರಡು ವರ್ಷದಲ್ಲಿ ಮಗು ಬೇಕು ಎಂದಿದ್ದರೆ ಮುಂದೂಡುವುದೇ ಒಳ್ಳೆಯದು. ಬಸಿರಿನಲ್ಲಿ ಆಕಾರ ಮತ್ತೆ ಬದಲಾಗುತ್ತದೆ. ಮಗುವಿಗೆ ಹಾಲು ಬಿಡಿಸಿ ಆರು ತಿಂಗಳು ಕಳೆದ ಮೇಲೆ ಅಳತೆ ನೋಡಿ.

ಸ್ಪರ್ಶ, ಆಕಾರ. ತೊಟ್ಟಿನ ಸ್ಪರ್ಶ ಕೆಲವರಿಗೆ ಕಡಿಮೆ ಆಗುತ್ತದೆ. ಎರಡೂ ಕಡೆ ಅಚ್ಚು ಹೊಯ್ದ ಹಾಗೆ ಒಂದೇ ಅಳತೆ ಬರುವುದಿಲ್ಲ. ಅಪರೂಪಕ್ಕೆ ರಕ್ತದ ಹರಿವು ಸಾಲದೆ ತೊಟ್ಟಿನ ಭಾಗ ಸಾಯುವುದೂ ಉಂಟು.

ವಯಸ್ಸು 18 ಆಗದವರು, ಕಳೆದ ಒಂದು ವರ್ಷದಲ್ಲಿ ಅಳತೆ ಇನ್ನೂ ಏರುತ್ತಿರುವವರು ಕಾಯಬೇಕು. ಬೇಗ ಮಾಡಿಸಿದರೆ ಮತ್ತೆ ಬೆಳೆಯಬಹುದು. ಹಾಗೆಂದು "ಮದ್ವಿ ಆಗ್ಲಿ, ಆಮೇಲೆ ನೋಡೋಣ" ಎಂಬ ಮಾತಿಗೆ ವೈದ್ಯಕೀಯ ಆಧಾರ ಏನೂ ಇಲ್ಲ. ಅದು ಮನೆಯವರ ಲೆಕ್ಕ, ಅಷ್ಟೇ.

## ಹಂತ 6: ಸರ್ಜನ್ ಹತ್ತಿರ ಹೋಗಿ

ಬಾಗಿಲಲ್ಲೇ ಒಂದು ಎಡವಟ್ಟು ಕಾದಿರುತ್ತದೆ. ನಾವು ಸ್ತನ ಎನ್ನಲು ನಾಚಿ "ಎದೆ" ಎನ್ನುತ್ತೇವೆ. ಒಪಿಡಿಯಲ್ಲಿ "ಎದಿ ಭಾರ ಆಗ್ಯದ್ರಿ, ಭುಜ ನೋಯ್ಲತ್ತದ" ಎಂದರೆ ಸೀದಾ ಇಸಿಜಿಗೆ ಕಳಿಸುತ್ತಾರೆ. ಅವರದೇನೂ ತಪ್ಪಿಲ್ಲ, ಹೃದಯದ ನೋವನ್ನೂ ಹೀಗೇ ಹೇಳುತ್ತಾರಲ್ವಾ. "ಸ್ತನ ಭಾರ ಇವೆ, ಅದರಿಂದ ಕುತ್ತಿಗೆ ನೋವು, ಚಿಕ್ಕದು ಮಾಡಿಸುವ ಆಪರೇಷನ್ ಬಗ್ಗೆ ಕೇಳಲು ಬಂದಿದ್ದೇನೆ" ಎಂಬ ವಾಕ್ಯವನ್ನು ಮನೆಯಲ್ಲಿ ನಾಲ್ಕು ಸಲ ಹೇಳಿ ರೂಢಿ ಮಾಡಿಕೊಳ್ಳಿ. ನಾಚಿಕೆ ಆದರೆ ಚೀಟಿಯಲ್ಲಿ ಬರೆದುಕೊಡಿ.

ಡಾಕ್ಟರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಇರಬೇಕು. "ಕಾಸ್ಮೆಟಾಲಜಿಸ್ಟ್" ಎಂಬ ಬೋರ್ಡು ಅದಕ್ಕೆ ಸಮ ಅಲ್ಲ. ನೋಂದಣಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ನೋಡಬಹುದು. ಮೊದಲು ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಂದಲೇ ಎಲ್ಲಿಗೆ ಹೋಗಬೇಕೆಂದು ಬರೆಸಿಕೊಂಡರೆ ಅಲೆದಾಟ ಉಳಿಯುತ್ತದೆ. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿ.ಮೀ., ಹೈದರಾಬಾದು ಅದರ ಎರಡರಷ್ಟು. ದೂರವೂ ಲೆಕ್ಕಕ್ಕೆ ಬರುತ್ತದೆ, ಡ್ರೆಸ್ಸಿಂಗ್‌ಗೆ ಎಂದು ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು ನೋಟ್‌ಬುಕ್ಕಿನಲ್ಲಿ ಮೊದಲೇ ಇರಲಿ.

1. ನನಗೆ ಯಾವ ಗೆರೆಗಳು ಬರುತ್ತವೆ? ಕಾಗದದ ಮೇಲೆ ಬಿಡಿಸಿ ತೋರಿಸಿ.
2. ಒಂದೊಂದು ಕಡೆ ಅಂದಾಜು ಎಷ್ಟು ಗ್ರಾಂ ತೆಗೆಯುತ್ತೀರಿ?
3. ತೊಟ್ಟು ಅಂಟಿಕೊಂಡೇ ಇರುತ್ತದೆಯೋ, ಬಿಡಿಸಿ ಕೂರಿಸುತ್ತೀರೋ?
4. ಅರಿವಳಿಕೆ ತಜ್ಞರು ಯಾರು? ಐಸಿಯು ಇದೆಯೇ?
5. ತೆಗೆದ ಅಂಗಾಂಶವನ್ನು ಲ್ಯಾಬಿಗೆ ಕಳಿಸುತ್ತೀರಾ?
6. ಗಾಯ ಬಿಟ್ಟುಕೊಂಡರೆ ಮತ್ತೆ ಹೊಲಿಯುವ ಖರ್ಚು ಯಾರದು?

ಐದನೆಯದಕ್ಕೆ ಹೌದು ಎನ್ನದ ಕಡೆ ಮುಂದುವರಿಯಬೇಡಿ. "ಗುರುತೇ ಬರಲ್ಲ", "ಲೇಸರಿನಲ್ಲಿ ಕೊಯ್ಯದೆ ಮಾಡ್ತೀವಿ", "ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ" ಎಂದರೆ ಎದ್ದು ಬನ್ನಿ. ಬರಿ ಕೊಬ್ಬು ಎಳೆದು ತೆಗೆಯುವ ಲಿಪೋಸಕ್ಷನ್ ಕೆಲವರಿಗೆ ಸಾಕಾಗುತ್ತದೆ, ನಿಜ. ಆದರೆ ಜೋತುಬಿದ್ದ ಚರ್ಮ ಅದರಿಂದ ಮೇಲೇರುವುದಿಲ್ಲ.

ತಂಬಾಕಿನ ವಿಷಯ ಮುಚ್ಚಿಡಬೇಡಿ. ಸಿಗರೇಟು ಸೇದುವುದಿಲ್ಲ ಎಂದರೆ ಸಾಲದು. ಎಲೆ-ಅಡಿಕೆಗೆ ಹಾಕುವ ತಂಬಾಕು, ಗುಟ್ಕಾ, ಹಲ್ಲಿಗೆ ತಿಕ್ಕುವ ಮಿಶ್ರಿ, ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳ ಹಿಸುಕುತ್ತದೆ. ಗಾಯ ಕೊಳೆಯುವುದು, ತೊಟ್ಟು ಕಪ್ಪಾಗುವುದು ಇದರಿಂದ ಹೆಚ್ಚುತ್ತದೆ. ಆಪರೇಷನ್‌ಗೆ ನಾಲ್ಕು ವಾರ ಮುಂಚೆಯಿಂದ, ಆದ ಮೇಲೂ ನಾಲ್ಕು ವಾರ ಪೂರ್ತಿ ಬಂದ್. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹತೋಟಿಗೆ ಬರುವವರೆಗೆ ದಿನಾಂಕ ಕೇಳಬೇಡಿ.

## ಹಂತ 7: ದುಡ್ಡು ಮತ್ತು ಕಾಗದ

ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ಕೋಣೆ, ಲ್ಯಾಬ್, ಸರ್ಜಿಕಲ್ ಬ್ರಾ, ಡ್ರೆಸ್ಸಿಂಗ್ ಬೇರೆ ಬೇರೆ ಬರೆದಿರಬೇಕು. ಜಿಎಸ್‌ಟಿ ಸೇರಿದೆಯಾ ಎಂದೂ ಕೇಳಿ, ಅಂದಕ್ಕಾಗಿ ಮಾಡುವ ಸರ್ಜರಿಗೆ ಅದು ಬೀಳುತ್ತದೆ.

ಆರೋಗ್ಯ ವಿಮೆಯಲ್ಲಿ ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ ಎಂಬ ಷರತ್ತು ಇರುತ್ತದೆ. ವಿಮೆ ಕಂಪನಿಗಳಿಗೆ ನಿಯಮ ಮಾಡುವ ಐಆರ್‌ಡಿಎಐ ಪಟ್ಟಿಯಲ್ಲಿ ಅದು ಹೊರಗಿಟ್ಟವುಗಳ 8ನೇ ಕೋಡ್. ಅದರಲ್ಲೇ ಒಂದು ಕಿಂಡಿ ಇದೆ. ಆರೋಗ್ಯಕ್ಕೆ ಇರುವ ನೇರ ಅಪಾಯ ತೆಗೆಯಲು ಚಿಕಿತ್ಸೆ ಅಗತ್ಯ ಎಂದು ನೋಡುವ ಡಾಕ್ಟರ್ ಪ್ರಮಾಣೀಕರಿಸಿದರೆ ಕೇಳಲು ಅವಕಾಶ ಉಂಟು. ಕೊಡಲೇಬೇಕು ಎಂದಲ್ಲ. ಎರಡನೇ ಹಂತದ ಫೋಟೋ, ಚರ್ಮದ ಡಾಕ್ಟರ ಚೀಟಿ, ಫಿಸಿಯೋ ದಾಖಲೆ ಇಲ್ಲಿ ಕೆಲಸಕ್ಕೆ ಬರುತ್ತವೆ. ಭರ್ತಿ ಆಗುವ ಮುಂಚೆಯೇ ವಿಮೆ ಕಂಪನಿಯಿಂದ ಒಪ್ಪಿಗೆ ಪತ್ರ ತರಿಸಿ, ಬಾಯಿಮಾತು ನಂಬಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಸರಕಾರದ ಆರೋಗ್ಯ ಯೋಜನೆಗೆ ಬರುತ್ತದೆಯಾ ಎಂದು ಆರೋಗ್ಯಮಿತ್ರ (ಯೋಜನೆಯ ಸಹಾಯಕರು) ಮೇಜಿನಲ್ಲಿ ಕೇಳಿ.

## ಹಂತ 8: ಮನೆ ಮತ್ತು ದಿನಾಂಕ

ಆಪರೇಷನ್ ಎರಡರಿಂದ ನಾಲ್ಕು ತಾಸು. ಒಂದೆರಡು ರಾತ್ರಿ ಆಸ್ಪತ್ರೆ. ಕುಳಿತು ಮಾಡುವ ಕೆಲಸಕ್ಕೆ ಎರಡು ವಾರದ ಮೇಲೆ ಹೋಗಬಹುದು. ಕೊಡ ಎತ್ತುವುದು, ಮಗು ಎತ್ತುವುದು, ರೊಟ್ಟಿ ಬಡಿಯುವುದು ನಾಲ್ಕರಿಂದ ಆರು ವಾರ ಇಲ್ಲ. ರೊಟ್ಟಿ ಬಡಿಯುವುದು ಹಗುರ ಕೆಲಸ ಎಂದು ಮನೆಯವರಿಗೆ ಅನ್ನಿಸುತ್ತದೆ. ಆದರೆ ಅದರಲ್ಲಿ ಎದೆಯ ಸ್ನಾಯು ಚೆನ್ನಾಗಿ ಜಗ್ಗುತ್ತದೆ. ರೊಟ್ಟಿ ಯಾರು ಬಡಿಯುತ್ತಾರೆ, ಅಥವಾ ಖಾನಾವಳಿಯಿಂದ ಕಟ್ಟಿಸಿ ತರುವುದಾ, ಇದು ತೀರ್ಮಾನ ಆಗದೆ ದಿನಾಂಕ ಹಾಕಿಸಬೇಡಿ. ನಗಬೇಡಿ, ಹೊಲಿಗೆ ಬಿಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಸುಮಾರು ಆರು ವಾರ ಹಗಲು ರಾತ್ರಿ ಬಿಗಿ ಬ್ರಾ ಹಾಕಿರಬೇಕು. ನಮ್ಮ ಬಿಸಿಲಿಗೆ ಅದು ಏಪ್ರಿಲ್, ಮೇನಲ್ಲಿ ಶಿಕ್ಷೆಯೇ. ನವೆಂಬರಿನಿಂದ ಜನವರಿ ಅನುಕೂಲ. ಹೊಲ ಇರುವವರಿಗೆ ಡಿಸೆಂಬರ್, ಜನವರಿ ಎಂದರೆ ತೊಗರಿ ರಾಶಿ, ಮನೆಯಲ್ಲಿ ಯಾರೂ ಸಿಗುವುದಿಲ್ಲ. ಅಂಥವರು ರಾಶಿ ಮುಗಿದ ಕೂಡಲೇ, ಬಿಸಿಲು ಏರುವ ಮುಂಚೆ ಹಿಡಿಯಬೇಕು.

ಸಹಿ ನಿಮ್ಮದು. 18 ದಾಟಿದ, ಸ್ವಂತ ಬುದ್ಧಿಯಲ್ಲಿರುವ ಹೆಂಗಸಿಗೆ ಗಂಡನ, ಅತ್ತೆಯ ಒಪ್ಪಿಗೆ ಕಾನೂನಿನಲ್ಲಿ ಬೇಕಿಲ್ಲ. ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಬೇರೆ ಆಪರೇಷನ್ ಮಾಡಿದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದರೆ ಆರು ವಾರ ನೀರು ತುಂಬುವವರು ಮನೆಯವರೇ. ಹಂತ 2ರ ನೋಟ್‌ಬುಕ್ ಅವರ ಕೈಗೆ ಕೊಟ್ಟು ಓದಿಸಿ. ವಾದಕ್ಕಿಂತ ಅದು ಬೇಗ ನಾಟುತ್ತದೆ.

ನಿಮ್ಮ ಜೊತೆ ಇರುವವರಿಗೆ ಈ ಪಟ್ಟಿ ಮುಂಚೆಯೇ ಗೊತ್ತಿರಲಿ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯುವಂತಿಲ್ಲ.

- ಒಂದೇ ಕಡೆ ಏಕಾಏಕಿ ಊದಿ, ಬಿಗಿದು, ಜೋರು ನೋವು
- ತೊಟ್ಟು ನೀಲಿ ಅಥವಾ ಕಪ್ಪಾಗುವುದು
- 101 ಡಿಗ್ರಿ ದಾಟಿದ ಜ್ವರ, ವಾಸನೆ, ಕೀವು
- ಒಂದು ಕಾಲಿನ ಮೀನಖಂಡ ಊದಿ ನೋಯುವುದು
- ಏಕಾಏಕಿ ಉಸಿರು ಕಟ್ಟುವುದು

ಕೊನೆಯ ಎರಡು ರಕ್ತ ಹೆಪ್ಪುಗಟ್ಟಿದ ಗುರುತು. ಆಗ ಸರ್ಜನ್ ಇರುವ ಊರಿಗೆ ಓಡಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

## ಹಂತ 9: ಎರಡು ವಾರ ಬಿಟ್ಟು ಹೇಳಿ

ಸರ್ಜನ್ ನೋಡಿ ಬಂದ ವಾರ ತೀರ್ಮಾನ ಬೇಡ. ನೋಟ್‌ಬುಕ್ಕಿನ ಒಂದು ಹಾಳೆಯ ಎಡಕ್ಕೆ ಸಂಜೆಯ ನೋವಿನ ಅಂಕ, ತುರಿ ಬಂದ ದಿನಗಳು, ಭಾರಕ್ಕಾಗಿ ಬಿಟ್ಟ ಕೆಲಸಗಳನ್ನು ಬರೆಯಿರಿ. ಬಲಕ್ಕೆ ಗೆರೆ, ಎದೆಹಾಲು, ಸ್ಪರ್ಶ, ಖರ್ಚು, ಆರು ವಾರ. ಎರಡು ವಾರ ಬಿಟ್ಟು ಮತ್ತೆ ಓದಿ. ಬಲಗಡೆಯದು ಓದುವಾಗ "ಇರ್ಲಿ ಬಿಡು" ಎಂದು ಬಂದರೆ ಫೋನ್ ಮಾಡಿ ದಿನಾಂಕ ಕೇಳಿ. ಬಲಗಡೆಯ ಯಾವುದಾದರೂ ಒಂದು ಸಾಲಿನ ಮೇಲೆ ಕಣ್ಣು ನಿಂತು ಹೋದರೆ ಅದನ್ನೇ ಹಿಡಿದು ಇನ್ನೊಬ್ಬ ಸರ್ಜನ್‌ಗೆ ತೋರಿಸಿ.

ಬೇಡ ಎಂದು ತೀರ್ಮಾನಿಸಿದರೆ ಹೊಸ ಬ್ರಾ, ವ್ಯಾಯಾಮ, ಮಡಿಕೆ ಒಣಗಿಸಿಡುವುದು ನಿಲ್ಲಿಸಬೇಡಿ. ಒಂದು ವರ್ಷದ ಮುಂದಿನ ದಿನಾಂಕ ಬರೆದು, ಆ ವಾರ ಮತ್ತೆ ಹದಿನೈದು ದಿನದ ಲೆಕ್ಕ ಶುರು ಮಾಡಿ.